ಕೊನೆಯ ನಲ್ಲಿಯ ಪ್ರೆಶರ್

ಮೇ 19. ಬೆಳಗ್ಗೆ 7.10

ಬೀದಿಯ ಕೊನೆಯ ನಲ್ಲಿಗೆ ಪ್ರೆಶರ್ ಅಳೆಯುವ ಗೇಜ್ ಹಾಕಿದೆ. ಎರಡೂಕಾಲು! ನೀರಿನ ಆಫೀಸು ಸೇರಿ ಹನ್ನೊಂದು ವರ್ಷ, ಇಲ್ಲಿ ಮುಳ್ಳು ಇಷ್ಟು ಮೇಲೇರಿದ್ದು ಕಂಡಿಲ್ಲ. ತಟ್ಟಿ ನೋಡಿದೆ. ಅಲ್ಲೇ ನಿಂತಿತ್ತು. ಬರೆದುಕೊಂಡೆ.

ಹೊಸ ನಿಯಮ ಬಂದಿದೆ. ಎಲ್ಲರೂ ನೀರು ಹಿಡಿಯುವ ಹೊತ್ತಿನಲ್ಲಿ ಪ್ರೆಶರ್ ಒಂದೂವರೆಗಿಂತ ಕಡಿಮೆಯಿದ್ದರೆ ಆ ವಾರ್ಡಿನಲ್ಲಿ ಹೊಸ ಕಟ್ಟಡ ಎಂಟು ಮಹಡಿ ಮೀರುವಂತಿಲ್ಲ, ಐದು ವರ್ಷ ಹೊಸ ಸಂಸಾರಗಳಿಗೆ ನೀರಿನ ಸಂಪರ್ಕವಿಲ್ಲ. ಇರುವ ಜನವೇ ಸಾಕು ಅಂತ. ಎರಡೂಕಾಲು ಅಂದರೆ ಮೂಲೆಯಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಟವರ್ ಇಪ್ಪತ್ತೆರಡು ಮಹಡಿ ಏಳಬಹುದು. ನನ್ನ ತಮ್ಮ ಫ್ಲ್ಯಾಟ್ ಬುಕ್ ಮಾಡಿರುವುದು ಹದಿನಾಲ್ಕರಲ್ಲಿ.

ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ಮೇ 20

ತಮ್ಮನ ಮನೆಗೆ ಹೋಗಿದ್ದೆ. ಒಂದೇ ರೂಮು, ಐದು ಜನ. ಅಮ್ಮನ ಮಂಚ ಒಲೆಯ ಪಕ್ಕ. ಮಗಳು ಓದುವುದು ಮೆಟ್ಟಿಲ ಮೇಲೆ. ತಮ್ಮ ಚಾಕ್‌ಪೀಸಿನಲ್ಲಿ ನೆಲದ ಮೇಲೆ ಹೊಸ ಮನೆ ಗೀಚಿದ್ದ. "ಅಮ್ಮ, ಇದು ನಿನ್ ರೂಮು. ಬಾಗ್ಲು ಹಾಕ್ಕೊಂಡು ಎಷ್ಟು ಬೇಕಾದ್ರೂ ಗೊರಕೆ ಹೊಡಿ." ಅಮ್ಮ ಬಯ್ಯಲೇ ಇಲ್ಲ.

"ಅಕ್ಕ, ಪ್ರೆಶರ್ ನೋಡೋದು ನಿಮ್ ಆಫೀಸಿನವ್ರೇ ಅಲ್ವಾ? ಯಾರು?"

"ನನ್ ಏರಿಯಾ ಅಲ್ಲಪ್ಪ ಅದು," ಅಂದೆ. ನನ್ನದೇ ಅಂದಿದ್ದರೆ 'ಸ್ವಲ್ಪ ನೋಡ್ಕೋ ಅಕ್ಕ' ಅನ್ನುತ್ತಿದ್ದ. ಅದಕ್ಕೆ ಹೆದರಿದೆ.

ಜೂನ್ 4

ಟೈಲರ್ ಅಕ್ಕ ಬೀದಿಯಲ್ಲೇ ಅಡ್ಡಹಾಕಿದಳು. ಆ ಕೊನೆಯ ನಲ್ಲಿಯ ಪಕ್ಕದ ಕಟ್ಟಡದಲ್ಲಿ ಎರಡನೇ ಮಹಡಿ ಅವಳದು. "ನಿಮ್ ಕಾಗದ್ದಲ್ಲಿ ನೀರು ಹರಿಯುತ್ತೆ ಮೇಡಂ. ನಮ್ ನಲ್ಲೀಲಿ ಬರೀ ಗಾಳಿ. ಸ್ಕೂಲ್ ರಜೆ, ಅರ್ಧ ಬೀದಿ ಊರಲ್ಲೇ ಇರ್ಲಿಲ್ಲ. ಆಗ ಬಂದು ನೋಡಿದ್ರೆ ಹೇಗೆ?"

ರಜೆಯಲ್ಲಿ ಅಳೆಯಬಾರದು, ನಮ್ಮ ಕೆಲಸದ ಮೊದಲ ಪಾಠ ಅದು. ಅವತ್ತು ಬೀಗ ಬಿದ್ದ ಬಾಗಿಲುಗಳನ್ನು ಕಣ್ಣಾರೆ ಕಂಡಿದ್ದೆ. ಕಂಡೂ ಬರೆದೆ... ಮರೆತೆನೋ, ಮರೆಯಬೇಕು ಅನ್ನಿಸಿತೋ.

ಜೂನ್ 9

ಕೊನೆಗೆ ಸಾಹೇಬರ ಮುಂದೆ ನಿಂತೆ.

"ಸಾರ್, ಅಲ್ಲಿ ಮತ್ತೆ ಗೇಜ್ ಹಾಕ್ಬೇಕು."

"ಕಂಪ್ಲೇಂಟ್ ಬಂದಿದ್ಯಾ?"

"ಇಲ್ಲ. ನಾನೇ ತಪ್ಪು ಮಾಡಿದೀನಿ."

"ಇಲ್ಲದ ತಲೆನೋವು ಯಾಕ್ರೀ?" ಅಂದರು. ಆದರೂ ರಿಜಿಸ್ಟರ್ ಇತ್ತ ತಳ್ಳಿದರು.

ಜೂನ್ 10. ಬೆಳಗ್ಗೆ 6.50

ಮುಕ್ಕಾಲು. ಹತ್ತು ನಿಮಿಷ ಬಿಟ್ಟು ನೋಡಿದರೆ ಅರ್ಧ. ಟೈಲರ್ ಅಕ್ಕ ಖಾಲಿ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಹಳೆಯ ಅಂಕಿಗೆ ಗೆರೆ ಎಳೆದು, ಹೊಸದು ಬರೆದು, ಸಹಿ ಮಾಡಿದೆ. ಅಮ್ಮನಿಗೆ ಇನ್ನು ಒಲೆಯ ಪಕ್ಕವೇ ಗತಿ.

ಜೂನ್ 27

ಪ್ರೆಶರ್ ಸಾಲದ ವಾರ್ಡುಗಳ ಪಟ್ಟಿ ಅಂಟಿಸಿದ್ದಾರೆ. ಟವರ್ ಎಂಟಕ್ಕೆ ನಿಂತಿತು. ಮೇಲಿನ ಬುಕಿಂಗ್ ಎಲ್ಲ ರದ್ದು, ಕೆಳಗಿನವರು ನೀರಿಗೆ ಐದು ವರ್ಷ ಕಾಯಬೇಕು. ತಮ್ಮ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ.

ಜುಲೈ 1. ಸಂಜೆ 5

ತಮ್ಮ ಬಂದಿದ್ದಾನೆ. ಪಟ್ಟಿಗೆ ಆಕ್ಷೇಪಣೆ ಕೊಡಲು ನಾಳೆ ಕಡೆಯ ದಿನ. ನನಗೆ ಆಫೀಸಿನ ಭಾಷೆ ಗೊತ್ತು, ಅರ್ಜಿ ನಾನೇ ಬರೆದುಕೊಡಬೇಕಂತೆ.

"ಮೊದ್ಲು ಎರಡೂಕಾಲು ಇತ್ತಂತೆ ಅಕ್ಕ. ಯಾವನೋ ಮಹಾರಾಯ ಮತ್ತೆ ಹೋಗಿ ಅಳೆದು ನಮ್ ಬಾಯಿಗೆ ಮಣ್ಣು ಹಾಕ್ದ. ಅವನನ್ನ ಬಿಡಬಾರ್ದು. ನಿಂಗೆ ಗೊತ್ತಿರುತ್ತೆ ಯಾರು ಅಂತ."

ಅರ್ಧ ಪುಟ ಬರೆದೆ. ಚೆನ್ನಾಗಿಯೇ ಬರೆದೆ, ನಾಚಿಕೆಗೆಟ್ಟವಳು. ಮುಖ ತೊಳೆಯಲು ಹೋಗಿದ್ದಾನೆ. ಅರ್ಜಿಯಲ್ಲಿ ಒಂದೇ ಸಾಲು ಬಾಕಿ— ಅಳತೆ ಮಾಡಿದ ನೌಕರರ ಹೆಸರು.

ಬಂದ. ಟವೆಲ್ ಕೇಳುತ್ತಿದ್ದಾನೆ. "ಬರೆದ್ಯಾ ಹೆಸರು?"

ಕೂತ್ಕೋ, ಹೇಳ್ತೀನಿ, ಅಂದೆ. ಕೂತ. ನಾನು ಈ ಪುಸ್ತಕ ಮುಚ್ಚಿ, ಅವನ ಕಣ್ಣೆದುರೇ ಆ ಸಾಲಿನಲ್ಲಿ ನನ್ನ ಹೆಸರು ಬರೆಯುತ್ತೇನೆ.