ಜಗುಲಿ ಇಲ್ಲದ ಅಂಗಡಿ

ನನ್ನ ಅತ್ತೆಮ್ಮನಿಗೆ, ಸೊಸೆ ಗಂಗಮ್ಮ ಬೆಂಗಳೂರಿನಿಂದ ಕಾಲಿಗೆರಗಿ ಬರೆಯುವ ಕಾಗದ.

ಬದುಕಿದ್ದಾಗ ನಿಮಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಅಂಚೆಯವನು ಕಾಗದ ತಂದರೆ ತಲೆಕೆಳಗೆ ಹಿಡಿದುಕೊಂಡು, "ನೀನೇ ಓದವ್ವ, ನಂಗೆ ಕಣ್ಣು ಮಂಜು" ಎನ್ನುತ್ತಿದ್ದಿರಿ. ಕೂದಲೆಳೆಯಷ್ಟು ಸೀಳಿದ್ದ ಬಳೆಯನ್ನು ದೀಪದ ಬೆಳಕಿನಲ್ಲೂ ಹುಡುಕಿ ಎಸೆಯುತ್ತಿದ್ದ ಕಣ್ಣಿಗೆ ಕಾಗದದ ಮುಂದೆ ಮಾತ್ರ ಮಂಜು! ಅಲ್ಲಿಗೆ ಹೋದ ಮೇಲಾದರೂ ಓದು ಬಂದಿರಬಹುದು. ಬಾರದಿದ್ದರೆ ನಿಮ್ಮ ಮಗ ಪಕ್ಕದಲ್ಲೇ ಇದ್ದಾರಲ್ಲ, ಓದಿ ಹೇಳುತ್ತಾರೆ. ನೀವು ಹೋದ ಮರುವರ್ಷವೇ ಅವರೂ ನಿಮ್ಮ ಹಿಂದೆ ಹೊರಟುಬಿಟ್ಟರು. ನನ್ನನ್ನು ಒಂದು ಮಾತು ಕೇಳಬೇಕು ಎಂದು ಇಬ್ಬರಿಗೂ ಅನಿಸಲಿಲ್ಲ...

ಅವರ ಕಾರ್ಯ ಮುಗಿದ ದಿನ ನನ್ನ ಅಣ್ಣ ಶಂಕರ ಶಿರಾಳಕೊಪ್ಪದ ನಮ್ಮ ಮನೆಯ ಬಾಗಿಲಲ್ಲಿ ನಿಂತು, "ಇಲ್ಲಿ ಯಾರದಾರೆ ನಿಂಗೆ? ನಡಿ ಬೆಂಗ್ಳೂರಿಗೆ. ರೈಲ್ವೆ ಸ್ಟೇಷನ್ನಾಗೆ ನನ್ನ ಅಂಗಡಿ ಐತೆ. ಬಳೆ ವ್ಯಾಪಾರ ನೀ ನೋಡ್ಕ" ಎಂದ. ಊರೂರಿಗೆ ನೀವು ಹೆಗಲ ಮೇಲೆ ಹೊತ್ತು ತಿರುಗಿದ ಆ ಬಳೆ ಮಲಾರವನ್ನು ನಾನು ಹೆಗಲಿಗೆ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಅಣ್ಣ ನಗುತ್ತ, "ಅಲ್ಲಿ ಗಾಜಿನ ಬೀರು ಐತವ್ವ, ಈ ಗಂಟು ಯಾಕೆ?" ಎಂದು ಕೇಳಿದ. ಯಾಕೆಂದು ನನಗೂ ಗೊತ್ತಿರಲಿಲ್ಲ.

ಸ್ಟೇಷನ್ನಿಗೆ ಕಾಲಿಟ್ಟ ಮೊದಲ ದಿನ ನನಗೆ ತಲೆಬುಡ ತಿಳಿಯಲಿಲ್ಲ. ಇದನ್ನು ಏನೆಂದು ಕರೆಯಲಿ ಅತ್ತೆಮ್ಮ? ಸಂತೆ ಎನ್ನೋಣವೆಂದರೆ ಶಿರಾಳಕೊಪ್ಪದ ಸಂತೆ ಸಂಜೆಗೆ ಏಳುತ್ತದೆ, ಇದು ಏಳುವುದೇ ಇಲ್ಲ. ಛತ್ರ ಎನ್ನೋಣವೆಂದರೆ ಜನ ಗಂಟುಮೂಟೆ ತಲೆದಿಂಬು ಮಾಡಿಕೊಂಡು ಮಲಗಿರುತ್ತಾರೆ, ಆದರೆ ಪೊಲೀಸಿನವನು ಬಂದು ಕೋಲಿನಿಂದ ತಟ್ಟಿ ಎಬ್ಬಿಸುತ್ತಾನೆ. ಬೀದಿ ಎನ್ನೋಣವೆಂದರೆ ಮೇಲೆ ಮಾಡು ಇದೆ. ಯಾವ ಊರಿಗೂ ಹೋಗದೆ ಸುಮ್ಮನೆ ಒಳಗೆ ಬಂದು ನಿಲ್ಲುವುದಕ್ಕೂ ಚೀಟಿ ಕೊಳ್ಳಬೇಕಂತೆ! ಹಣ್ಣಿನ ಅಂಗಡಿಗೂ ಪುಸ್ತಕದ ಅಂಗಡಿಗೂ ನಡುವೆ ನಮ್ಮದು, ನಮ್ಮ ಬಚ್ಚಲುಮನೆಯಷ್ಟು ಜಾಗ. ಮುಂದೆ ಒಂದು ಹಲಗೆ, ಹಿಂದೆ ಗಾಜಿನ ಬೀರು. ಬಾಚಣಿಗೆ, ರಿಬ್ಬನ್ನು, ತಗಡಿನ ಆಟಿಕೆ, ಬಳೆ. ಹಲಗೆಯ ಒಳಗಿನದು ಅಣ್ಣನದು, ಹೊರಗಿನದು ರೈಲಿನವರದು.

ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಅಂಗಡಿಯ ಮುಂದೆ ಗುಡಿಸಿ ನೀರು ಚಿಮುಕಿಸಿದೆ. ಕಸ ಗುಡಿಸುವ ಹೆಂಗಸು ಓಡಿಬಂದು, "ಯಾರ ಮನೆ ಅಂಗಳ ಅಂದ್ಕೊಂಡಿದೀಯಮ್ಮ? ಯಾರಾದ್ರೂ ಜಾರಿ ಬಿದ್ರೆ ನನ್ನ ಕೆಲ್ಸ ಹೋಗುತ್ತೆ" ಎಂದು ಬೈದಳು. ಅವಳ ಮಾತೂ ಸರಿಯೇ. ಆದರೆ ಗುಡಿಸಿದ ಜಾಗ ನಮ್ಮದಲ್ಲ ಎಂದ ಮೇಲೆ, ಅದೇ ಜಾಗದಲ್ಲಿ ನಿಂತು ವ್ಯಾಪಾರ ಮಾಡುವವರು ನಮ್ಮ ಗಿರಾಕಿಗಳೋ, ರೈಲಿನವರ ಗಿರಾಕಿಗಳೋ? ಅಣ್ಣನನ್ನು ಕೇಳಿದೆ. "ತಲಿ ತಿನ್ನಬ್ಯಾಡ, ರಿಬ್ಬನ್ ಸುತ್ತು" ಎಂದ.

ನೀವು ಯಾವ ಊರಿನಲ್ಲಾದರೂ ಮಲಾರ ಬಿಚ್ಚುವ ಮೊದಲು, "ಯಾರ ಮಗಳವ್ವ ನೀನು? ನಿಮ್ಮವ್ವ ಹೆಂಗದಾಳೆ?" ಎಂದು ಕೇಳುತ್ತಿದ್ದಿರಿ. ನಾನು ಇಲ್ಲಿ ಹಾಗೆ ಒಬ್ಬಳನ್ನು ಕೇಳಿದ್ದಕ್ಕೆ ಅವಳ ಗಂಡ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು, "ಅದೆಲ್ಲ ಯಾಕಮ್ಮ ನಿನಗೆ?" ಎಂದ. ಅವರು ನನ್ನನ್ನು ಕೇಳುವುದು ಮಾತ್ರ ಹೇಳತೀರದು. ಗುಂತಕಲ್ಲಿನ ಗಾಡಿ ಎಲ್ಲಿ ನಿಲ್ಲುತ್ತದೆ, ನಲ್ಲಿ ಎಲ್ಲಿದೆ, ಹೆಂಗಸರ ಕೋಣೆ ಯಾವ ಕಡೆ. ನಾನೇನು ರೈಲು ಓಡಿಸುತ್ತೇನೆಯೇ? ಆಣೆ ಹೋಗಿ ನಯಾಪೈಸೆ ಬಂದಿದೆ ಬೇರೆ, ಅದರ ಲೆಕ್ಕವನ್ನೂ ನನ್ನನ್ನೇ ಕೇಳುತ್ತಾರೆ. ಬಳೆಯನ್ನು ಮಾತ್ರ ಡಬ್ಬಿಯಲ್ಲೇ ಕಟ್ಟಿಸಿಕೊಂಡು ಹೋಗುತ್ತಾರೆ. ಕೈ ಕೊಡುವವರೇ ಇಲ್ಲ.

ಅಂಜನಾಪುರದಲ್ಲಿ ಒಂದು ಸೀಮಂತದ ಮನೆಗೆ ಹೋಗಿದ್ದೆವು, ನೆನಪಿದೆಯೇ? ಮಾವನವರು ತೀರಿಕೊಂಡ ಮೇಲೆ ನೀವು ಶುಭದ ಬಳೆ ತೊಡಿಸುವ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಗಂಡ ಸತ್ತವಳ ಕೈಯಿಂದ ಬಸುರಿ ಬಳೆ ತೊಡಬಾರದು ಎಂದು ಜನ ಹೇಳುವ ಮೊದಲೇ ನೀವೇ ಜಗುಲಿಯಲ್ಲಿ ಕೂತುಬಿಡುತ್ತಿದ್ದಿರಿ. ಒಳಗಿನಿಂದ ನಾನು ಕೈಯ ಅಳತೆ ಹೇಳಬೇಕು, ಹೊರಗಿನಿಂದ ನೀವು ಬಳೆ ಆರಿಸಿ ಕಳಿಸಬೇಕು. ಆಮೇಲೆ ಮನೆಯೆಲ್ಲ ಕೇಳುವ ಹಾಗೆ ನಿಮ್ಮ ಕೂಗು: "ಹೆಬ್ಬೆಟ್ಟು ಮಡಚು ತಾಯಿ, ಉಸಿರು ಬಿಡು. ಕೈ ನಿಂದಲ್ಲ ಅನ್ಕ!" ಒಳಗೆ ಹೆಂಗಸರೆಲ್ಲ ನಗುತ್ತಿದ್ದರು, ಹುಡುಗಿಯೂ ನಗುತ್ತಿದ್ದಳು, ಆ ನಗುವಿನಲ್ಲಿ ಬಳೆ ಸರಕ್ಕನೆ ಏರಿಬಿಡುತ್ತಿತ್ತು. ನೀವು ನಗುತ್ತಿದ್ದಿರೋ ಇಲ್ಲವೋ ಒಳಗಿದ್ದ ನನಗೆ ಎಂದೂ ಕಾಣಲಿಲ್ಲ.

ತೊಗರ್ಸಿಯ ದಾರಿಯಲ್ಲಿ ಬೀಗ ಹಾಕಿದ ಒಂದು ಮನೆ ಇತ್ತು. ಅದರ ಮುಂದೆ ಹಾಯ್ದಾಗಲೆಲ್ಲ ನೀವು ನಿಂತು, ನೆರೆಯವರನ್ನು, "ಆ ಹುಡುಗಿ ಸುದ್ದಿ ಏನಾದ್ರೂ ಬಂತೇನ್ರೀ? ಹಡೆದ್ಳಾ? ಕೂಸು ಹೆಂಗೈತೆ?" ಎಂದು ಕೇಳುತ್ತಿದ್ದಿರಿ. ಅವರಿಗೂ ಗೊತ್ತಿಲ್ಲ. ಊರು ಬಿಟ್ಟು ಹೋದವರ ಸುದ್ದಿ ಯಾರು ತರುತ್ತಾರೆ? ವರ್ಷಗಳು ಕಳೆದರೂ ನೀವು ಕೇಳುವುದನ್ನು ಬಿಡಲಿಲ್ಲ. "ಯಾರದೋ ಮನೆ ಕೂಸಿನ ಚಿಂತೆ ನಿಮಗ್ಯಾಕೆ? ಇಷ್ಟೊತ್ತಿಗೆ ಅದಕ್ಕೆ ಮದುವಿ ಆಗಿರ್ತೈತೆ" ಎಂದು ನಾನು ಒಮ್ಮೆ ಗೇಲಿ ಮಾಡಿದೆ. ಆ ಸಂಜೆ ನೀವು ಊಟವನ್ನೇ ಮಾಡಲಿಲ್ಲ. ಗೇಲಿಗೆ ಇಷ್ಟು ಸಿಟ್ಟೇ ಎಂದು ನನಗೆ ಆಶ್ಚರ್ಯ.

ಈಗ ಜಗುಲಿಯ ಸರದಿ ನನ್ನದು. ಅಣ್ಣ, "ಎರಡು ಬಳೆ ಹಾಕ್ಕಳವ್ವ, ಬರಿಗೈ ಬಳೆಗಾರ್ತಿ ಹತ್ರ ಯಾರು ತಗಂತಾರೆ? ಇಲ್ಲಿ ಯಾರಿಗೂ ನಿನ್ನ ಗುರ್ತಿಲ್ಲ" ಎನ್ನುತ್ತಾನೆ. ನನಗೆ ನನ್ನ ಗುರುತಿದೆಯಲ್ಲ! ಸೆರಗನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಕೂರುತ್ತೇನೆ. ಡಬ್ಬಿ ಕಟ್ಟಿ ಕೊಡುವುದರಲ್ಲಿ ದೋಷವಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅದೂ ಎಷ್ಟು ಸರಿಯೋ, ಕೇಳೋಣವೆಂದರೆ ನೀವಿಲ್ಲ.

ಮೊನ್ನೆ ಶಿವಮೊಗ್ಗದ ಗಾಡಿ ಹೊರಡುವ ಮುಂಚೆ ಒಬ್ಬ ತಾಯಿ, ತುಂಬಿದ ಬಸುರಿ ಮಗಳ ಕೈಹಿಡಿದು ನಮ್ಮ ಹಲಗೆಯ ಮುಂದೆ ಬಂದು ನಿಂತಳು. "ಹಸಿರು ಬಳೆ ಅದಾವೇನ್ರೀ? ಅಳಿಯಂದು ಇಲ್ಲಿ ಮಿಲ್ಲಿನಾಗೆ ಕೆಲ್ಸ. ಮನ್ಯಾಗೆ ಹಿರೇರು ಯಾರೂ ಇಲ್ಲ, ಕೈತುಂಬ ಬಳೆ ಸುದ್ದಾ ಇಲ್ಲ. ಹಿಂಗೆ ಹೆಂಗೆ ಊರಿಗೆ ಕರ್ಕಂಡು ಹೋಗ್ಲಿ? ಇಲ್ಲೇ ತೊಡಿಸಿಬಿಡ್ರಿ" ಎಂದಳು. ನಮ್ಮ ಕಡೆಯ ಮಾತು ಕೇಳಿ ಜೀವ ಹಿಗ್ಗಿತು. ಮರುಗಳಿಗೆ ನನ್ನ ಬರಿಗೈ ನೆನಪಾಯಿತು. ಬಸುರಿ, ಹಸಿರು ಬಳೆ, ಕೈ ಮುಂದೆ ಚಾಚಿದ್ದಾಳೆ. ಏನು ಮಾಡಿದೆ ಗೊತ್ತೇ? ಬಳೆಯನ್ನು ಅಣ್ಣನ ಕೈಗೆ ತುರುಕಿ, ಹಲಗೆ ಎತ್ತಿ ಹೊರಗೆ ಬಂದು, ಕಂಬದ ಬುಡದಲ್ಲಿ ಕೂತುಬಿಟ್ಟೆ!

ಕೂತ ಮೇಲೆ ತಿಳಿಯಿತು. ನೀವು ಹೊರಗೆ ಕೂತಾಗ ಒಳಗೆ ನಾನಿರುತ್ತಿದ್ದೆ. ಇಲ್ಲಿ ಒಳಗೆ ಯಾರಿದ್ದಾರೆ? ಅಣ್ಣನಿಗೆ ಬಳೆ ಮಾರಲು ಗೊತ್ತೇ ಹೊರತು ತೊಡಿಸಲು ಬರುವುದಿಲ್ಲ. ಬಳೆ ಹಿಡಿದುಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತ, "ಏಯ್ ಗಂಗಾ, ಅಲ್ಲೇನು ಮಾಡ್ತೀಯೇ?" ಎಂದು ಕೂಗಿದ. ಕೂಲಿಯವರು ನನ್ನನ್ನು ದಾಟಿಕೊಂಡು ಹೋಗುತ್ತಿದ್ದಾರೆ. ಕೋಟು ಹಾಕಿದ ಯಾರೋ ನನ್ನ ಮಡಿಲಿಗೆ ಒಂದು ನಾಣ್ಯ ಹಾಕಿ ನಡೆದೇಬಿಟ್ಟರು! ಏಳಲೋ, ಕೂರಲೋ, ಅಳಲೋ? ಇದು ಹೊರಗೋ ಒಳಗೋ? ಹೊಸ್ತಿಲೇ ಇಲ್ಲದ ಜಾಗದಲ್ಲಿ ಎಷ್ಟು ದೂರ ಹೋದರೆ ಹೊರಗೆ ಕೂತ ಹಾಗೆ? ತೋಚದೆ ಅಲ್ಲಿಂದಲೇ ಅಣ್ಣನಿಗೆ ಹೇಳಿಕೊಡಲು ಹೊರಟೆ. ಬಾಯಿಗೆ ಬಂದದ್ದು ನಿಮ್ಮ ಮಾತು: "ಹೆಬ್ಬೆಟ್ಟು ಮಡಚು ತಾಯಿ, ಉಸಿರು ಬಿಡು. ಕೈ ನಿಂದಲ್ಲ ಅನ್ಕ!"

ಆ ತಾಯಿ ಗಕ್ಕನೆ ತಿರುಗಿದಳು. ಗಾಡಿಯ ಗದ್ದಲದಲ್ಲಿ ನೇರವಾಗಿ ನನ್ನ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತು, "ಈ ಮಾತು ಕೇಳೀನಿ ನಾನು. ಶಿರಾಳಕೊಪ್ಪದ ಬಳೆಗಾರ್ತಿ, ಜಗುಲಿ ಮ್ಯಾಲೆ ಕುಂತು ಕೂಗ್ತಿದ್ರಲ್ಲ, ಅವ್ರು ನಿಮಗೇನಾಗಬೇಕು?" ಎಂದಳು.

"ನಮ್ಮತ್ತೆ."

"ಅದಾರೇನ್ರೀ?"

ಇಲ್ಲ ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಹೆಸರು ಹಾಲಮ್ಮ. ಈಗ ಸೊರಬದಾಚೆ ಚಂದ್ರಗುತ್ತಿ ಕಡೆ ಇದ್ದಾಳೆ. ಮೊದಲಿದ್ದದ್ದು ತೊಗರ್ಸಿಯ ದಾರಿಯ ಆ ಮನೆಯಲ್ಲಿ, ಅತ್ತೆಮ್ಮ. ಬೀಗ ಬಿದ್ದಿದ್ದ ಮನೆಯಲ್ಲಿ!

"ಇವ್ಳು ಆಗ ಹೊಟ್ಟೆನಾಗಿದ್ಳು" ಎಂದು ಮಗಳನ್ನು ತೋರಿಸಿದಳು. "ಮನ್ಯಾಗೆ ನಾನು, ನಮ್ಮತ್ತೆ ಇಬ್ರೇ. ನಮ್ಮತ್ತೆನೂ ಗಂಡ ಇಲ್ದೋರು. ಸೊಸೆಗೆ ಜ್ವರ ಅಂತ ನಿಮ್ಮತ್ತೆ ಒಬ್ರೇ ಬಂದಿದ್ರು. ಬಳೆ ತೊಡಿಸೋರು ಯಾರು? ನಾನು ಅಳಾಕೆ ಸುರು ಮಾಡ್ದೆ. ಅವ್ರು ಜಗುಲಿ ಮ್ಯಾಲೇ ಕುಂತಿದ್ರು. ಆಮೇಲೆ ಎದ್ದು ಒಳಗೆ ಬಂದು ಬಾಗ್ಲು ಹಾಕ್ಕಂಡು ತೊಡಿಸಿದ್ರು. ಯಾರಿಗೂ ಹೇಳಬ್ಯಾಡ ತಾಯಿ ಅಂದ್ರು. ಹಿಂದೇನೇ ನಾವು ಊರು ಬಿಟ್ವಿ."

ಅತ್ತೆಮ್ಮ, ನನಗೆ ಜ್ವರ ಬಂದಿದ್ದ ಆ ವಾರ ನೆನಪಾಯಿತು. ಅಂದು ತಿರುಗಾಟದಿಂದ ಬಂದವರು ನೀವು ಕೈಯನ್ನು ತಿಕ್ಕಿ ತಿಕ್ಕಿ ತೊಳೆದದ್ದೂ ನೆನಪಾಯಿತು. ಅಷ್ಟು ವರ್ಷ ಆ ಬೀಗದ ಮುಂದೆ ನಿಂತು ಕೇಳಿದ್ದು ಇದನ್ನೇ? ನಿಮ್ಮ ಕೈ ತಗುಲಿ ಆ ಕೂಸಿಗೆ ಏನಾದರೂ ಆಯಿತೋ ಎಂಬ ಹೆದರಿಕೆಯೇ? ನನಗೇಕೆ ಹೇಳಲಿಲ್ಲ? ಪಕ್ಕದಲ್ಲೇ ಮಲಗುತ್ತಿದ್ದೆನಲ್ಲ... ನಾನು ಗೇಲಿ ಮಾಡಿದಾಗಲಾದರೂ ಬೈದು ಹೇಳಬಾರದಿತ್ತೇ?

ಹಾಲಮ್ಮ ನನ್ನ ರಟ್ಟೆ ಹಿಡಿದು, "ಏಳ್ರಿ, ಗಾಡಿ ಹೊರಡ್ತೈತೆ. ನೀವೇ ತೊಡಿಸ್ರಿ" ಎಂದಳು. ನಾನು ಸೆರಗು ಸರಿಸಿ ನನ್ನ ಬರಿಗೈ ತೋರಿಸಿದೆ. "ನಂಗೂ ಈಗ..." ಎಂದೆ. "ಆಗ್ಲೇ ಕಂಡೀನಿ. ಬರ್ರಿ ಒಳಗೆ" ಎಂದಳು. ಅಣ್ಣ ಗೊಣಗುತ್ತಲೇ ಹಲಗೆ ಎತ್ತಿ ಆಟಿಕೆ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿದ. ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿದೆವು. ಬೀರುವಿನ ಬಳೆ ಮನಸ್ಸಿಗೆ ಬರಲಿಲ್ಲ, ನಿಮ್ಮ ಮಲಾರ ಬಿಚ್ಚಿದೆ. ಹಸಿರು ಬಳೆ ಆರಿಸಿ, ಹುಡುಗಿಯ ಕೈ ಹಿಡಿದೆ.

ಮಾಡಿದ್ದು ಸರಿಯೋ ತಪ್ಪೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಹೆರಿಗೆಯಾದ ಮೇಲೆ ಶಿವಮೊಗ್ಗದ ಗಾಡಿಗೆ ಬರುವವರ ಕೈಲಿ ಹೇಳಿಕಳಿಸುತ್ತೇನೆ ಎಂದಿದ್ದಾಳೆ ಹಾಲಮ್ಮ. ಅಲ್ಲಿಯವರೆಗೆ ಆ ಗಾಡಿ ಬಂದಾಗಲೆಲ್ಲ ಇಳಿಯುವವರ ಮುಖ ನೋಡುತ್ತಿರುತ್ತೇನೆ, ಬೀಗದ ಮನೆಯ ಮುಂದೆ ನೀವು ನಿಲ್ಲುತ್ತಿದ್ದ ಹಾಗೆ. ಸುದ್ದಿ ಬಂದ ದಿನವೇ ನಿಮಗೆ ಬರೆಯುತ್ತೇನೆ, ಇದು ನನ್ನ ಮಾತು.

ನಿಮಗೆ ತಲುಪದೇ ಹೋದ ಸುದ್ದಿ ಇಷ್ಟು. ಆ ಕೂಸಿಗೆ ಏನೂ ಆಗಲಿಲ್ಲ. ಅದು ಹೆಣ್ಣು. ಚೆನ್ನಾಗಿ ಬೆಳೆದಿದೆ, ಉಸಿರು ಬಿಡು ಎಂದರೆ ಕಿಸಕ್ಕನೆ ನಗುತ್ತದೆ. ಎರಡು ಕೈತುಂಬ ತೊಡಿಸಿದೆ, ಒಂದು ಬಳೆಯೂ ಒಡೆಯಲಿಲ್ಲ. ಇನ್ನು ಜಗುಲಿ ಬಿಟ್ಟು ಒಳಗೆ ಬನ್ನಿ ಅತ್ತೆಮ್ಮ.

ನಿಮ್ಮ ಸೊಸೆ,
ಗಂಗಮ್ಮ