ಮೈ ಮರ್ತಿಲ್ಲ

ಯಾದಗಿರಿ, ಹಾಸ್ಟೆಲ್

ಅವ್ವಗ ಮಾಳಮ್ಮ ಮಾಡುವ ನಮಸ್ಕಾರ.

ಫೋನ್ ಮಾಡಿದ್ರ ಭಾರತಿ ನನ್ನ ಬಾಜೂಕ ಕುಂತಿರ್ತಾಳ, ಅದಕ್ಕ ಬರ್ಯಾಕತ್ತೀನಿ. ನೀನೊಬ್ಬಾಕಿನೇ ಓದು.

ನಮ್ಮ ನರ್ಸಿಂಗ್ ಹುಡುಗ್ಯಾರನ್ನ ವಾರ್ಡಿಗಿ ಕಳಸೂಮುಂದ ರಕ್ತ ತಗೊಂಡು, ಕೂಸಿದ್ದಾಗ ಹಾಕಿಸಿದ ಹೆಪಟೈಟಿಸ್ ಬಿ ಲಸಿಕಿ ಬಲ ಇನ್ನೂ ಎಷ್ಟದ ಅಂತ ನೋಡಿದ್ರು. ಹತ್ತರ ಮ್ಯಾಲಿರಬೇಕಂತ. ಭಾರತಿದು ತೊಂಬತ್ತು, ನಂದು ನಾಕು. ಒಂದೇ ದಿನ ಹುಟ್ಟಿದ ಅವಳಿ-ಜವಳಿ ನಾವು. ಆಕಿನ್ನ ರಂಗಂಪೇಟದಾಗ ನಿನ್ನ ಮಗ್ಗಲಾಗ ಇಟ್ಟುಕೊಂಡಿ, ನನ್ನ ಸಗರದಾಗ ಆಯಿ ಬಲ್ಲಿ, ನಿಮ್ಮವ್ವನ ಬಲ್ಲಿ ಬಿಟ್ಟಿ. ಸೂಜೀನೂ ಆಕಿಗಷ್ಟೇ ಮಾಡಿಸಿರಬೇಕಂತ ತಿಳಕೊಂಡು ತಿಂಗಳಾತು, ನಿನ್ನ ಫೋನ್ ಎತ್ತಿಲ್ಲ.

ಆವಾಗ ನನಗ ಇನ್ನೊಂದು ಸೂಜಿ ಮಾಡಿದ್ರು. ನಿನ್ನೆ ನೋಡಿದ್ರ ಆರುನೂರು! ಮೇಡಂ ಅಂದ್ರು, "ಹರೇದಾಗ ಅಂಕಿ ಇಳೀತದ, ಆದ್ರ ಮೈ ಮರ್ತಿರಂಗಿಲ್ಲ. ಕೂಸಿದ್ದಾಗ ಪೂರಾ ಸೂಜಿ ಆಗಿದ್ರೇ ಈಗ ಒಂದೇ ಸೂಜಿಗಿ ಹಿಂಗ ಜಿಗೀತದ. ನಿಮ್ಮವ್ವ ಒಂದೂ ತಪ್ಪಿಸಿಲ್ಲ."

ಆಯಿನ್ನ ಕೇಳ್ದೆ. ಪ್ರತಿ ಸಲ ಭಾರತಿನ್ನ ಬಗಲಾಗ ಎತ್ಕೊಂಡು ಸಗರಕ್ಕ ಬಂದು, ಇಬ್ಬರಿಗೂ ಕೂಡೇ ಮಾಡಿಸ್ತಿದ್ದಿಯಂತ. ನಾ ಸಿಟ್ಟಿಲೆ ಕೇಳಿದ್ದ ಲಸಿಕಿ ಕಾರ್ಡ್ ಇನ್ನ ಹುಡುಕಬ್ಯಾಡ.

ಒಂದೇ ಮಾತು ಬರಿ. ಸೂಜಿ ಚುಚ್ಚಿದ ಮ್ಯಾಲ ಇಬ್ಬರೂ ಅಳ್ತಿದ್ದಿವಲ್ಲ, ಮೊದಲ ಯಾರನ್ನ ಎತ್ತಿಕೊಳ್ತಿದ್ದಿ?

ಭಾರತಿನ್ನ ಆಗಿದ್ರ ಬರೀಬ್ಯಾಡ.

ನಿನ್ನ ಸಗರದ ಮಗಳು,
ಮಾಳಮ್ಮ