ಊಟದ ಹೊತ್ತಿನ ಓದು

ಅಕ್ಟೋಬರ್ 3, 2000, ಮಂಗಳವಾರ. ಖಾನಾಪುರ.

ಸಿಟ್ಟು ಇಳಿಯುತ್ತಿಲ್ಲ. ಜಪಮಾಲೆ ಹಿಡಿದು ಕೂತರೂ ಇಳಿಯುತ್ತಿಲ್ಲ.

ಜಾಸಿಂತಾಗೆ ಕ್ಷಯ. ಗುಂಜಿಯಿಂದ ಸನ್ಯಾಸಿನಿಯಾಗಲು ಬಂದ ಹತ್ತೊಂಬತ್ತರ ಹುಡುಗಿ. ಬೆಳಗಾವಿಯ ಡಾಕ್ಟರು ಎಕ್ಸರೇ ಎತ್ತಿ ಹಿಡಿದು, "ಮೂರು ತಿಂಗಳಿಂದ ರಕ್ತ ಬೀಳಾಕತ್ತೈತಿ ಅಂತಾಳ. ನಿಮ್ಮ ಕಾನ್ವೆಂಟಿನ್ಯಾಗ ಯಾರಿಗೂ ಕಣ್ಣಿಲ್ಲೇನ್ರಿ?" ಎಂದರು. ನಮ್ಮ ಮದರ್ ಸುಪೀರಿಯರ್ ಮಾತ್ರ ಹೊರಗೆ ಬಂದು, "ಎಂಥಾ ಸಹನಾ ನೋಡ್ರಿ, ಥೇಟ್ ಸಂತ ತೆರೇಸಾ!" ಎಂದು ಕಣ್ಣೊರೆಸಿಕೊಂಡರು. ಅಲ್ಲೇ ಕೂಗಾಡಬೇಕೆನಿಸಿತು. ನೂರು ವರ್ಷದ ಹಿಂದೆ ಇದೇ ಕ್ಷಯದಿಂದ ಸತ್ತ ಆ ಸಂತಳಿಗೆ ಔಷಧವೇ ಇರಲಿಲ್ಲ, ಮದರ್! ಇವಳಿಗೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಗುಳಿಗೆ ಇತ್ತು.

"ಯಾಕ ಹೇಳಲಿಲ್ಲವಾ?" ಎಂದು ಜಾಸಿಂತಾಳನ್ನೇ ಕೇಳಿದೆ.

"ರಕ್ತ ಬಂದ ರಾತ್ರಿ ಸಂತ ತೆರೇಸಾನೂ ದೀಪಾ ಹಚ್ಚಿ ನೋಡಲಿಲ್ಲಲ್ರಿ, ಸಿಸ್ಟರ್. ನೀವ ಓದಿದ್ರಿ."

ಹೌದು, ನಾನೇ ಓದಿದ್ದೆ. ಎಲ್ಲರೂ ಮೌನವಾಗಿ ಉಣ್ಣುವಾಗ ಸಂತರ ಚರಿತ್ರೆ ಓದುವ ಪಾಳಿ ಜೂನ್‌ನಿಂದ ನನ್ನದು. ಆ ಪುಟವನ್ನು ದನಿ ನಡುಗಿಸಿ ಓದುತ್ತಿದ್ದಾಗ ಬಾಗಿಲ ಬಳಿ ಯಾರೋ ಕೆಮ್ಮಿದರು. ಓದು ಕೆಟ್ಟಿತೆಂದು ತಲೆಯೆತ್ತಿ ಕೆಕ್ಕರಿಸಿ ನೋಡಿದೆ. ಜಾಸಿಂತಾ ಓಢಣಿಯನ್ನು ಬಾಯಿಗೆ ತುರುಕಿಕೊಂಡಳು.

ಮರುದಿನದಿಂದ ಊಟದ ಕೋಣೆಯಲ್ಲಿ ಕೆಮ್ಮು ಕೇಳಲಿಲ್ಲ. 'ಹುಡುಗಿಗೆ ಶಿಸ್ತು ಬಂತು, ದೇವರಿಗೆ ಸ್ತೋತ್ರ' ಎಂದು ಇದೇ ಡೈರಿಯಲ್ಲಿ ಬರೆದಿದ್ದೇನೆ. ಈಗ ತೆಗೆದು ನೋಡಿದೆ. ಜುಲೈ ಹನ್ನೊಂದು. ಅಕ್ಷರ ಎಷ್ಟು ದುಂಡಗಿವೆ, ಥೂ.